ದೀಟಿಗೆಯ ಬೆಳಕು, ಕ್ಯಾಮೆರಾದ ಬೆಳಕು: ರಾಮಕುಂಜ ಪರಿಸರದ ನೇಮಗಳ ಇರುಳು ಛಾಯಾಗ್ರಹಣವನ್ನು ಕುರಿತು

ತುಳುನಾಡಿನ ದೈವಾರಾಧನೆಯ ಅಧ್ಯಯನಕ್ಕೆ ಈಗ ಒಂದೂವರೆ ಶತಮಾನದ ಇತಿಹಾಸವಿದೆ. ಪಾಡ್ದನಗಳ ಸಂಗ್ರಹ, ವಿಧಿಗಳ ವರ್ಣನೆ, ಸಾಮಾಜಿಕ ರಚನೆಯ ವಿಶ್ಲೇಷಣೆ, ಪ್ರದರ್ಶನ ಸಿದ್ಧಾಂತದ ಅನ್ವಯ ಹೀಗೆ ಹಲವು ನೆಲೆಗಳಲ್ಲಿ ಕೆಲಸ ನಡೆದಿದೆ. ಈ ಬಹುತೇಕ ಗ್ರಂಥಗಳಲ್ಲಿ ಛಾಯಾಚಿತ್ರಗಳಿವೆ. ಆದರೆ ಆ ಚಿತ್ರಗಳನ್ನು ನಾವು ಪಠ್ಯಕ್ಕೆ ಪೂರಕವಾದ ಅಲಂಕಾರವೆಂದು ಭಾವಿಸಿದ್ದೇವೆಯೇ ಹೊರತು, ಪರಿಶೀಲನೆಗೆ ಒಳಪಡಬೇಕಾದ ಆಕರಗಳೆಂದು ಭಾವಿಸಿದ್ದು ಕಡಿಮೆ. ಪಾಡ್ದನದ ಪಾಠವೊಂದನ್ನು ಕೊಡುವಾಗ ಯಾರು ಹಾಡಿದರು, ಎಲ್ಲಿ, ಯಾವಾಗ, ಯಾವ ಸಂದರ್ಭದಲ್ಲಿ ಎಂದು ನಮೂದಿಸುವ ಶಿಸ್ತು ನಮಗೆ ಬಂದಿದೆ. ಚಿತ್ರವೊಂದನ್ನು ಕೊಡುವಾಗ ಅದು ಯಾವ ಬೆಳಕಿನಲ್ಲಿ ತೆಗೆದದ್ದು ಎಂದು ನಮೂದಿಸುವ ಶಿಸ್ತು ಇನ್ನೂ ಬಂದಿಲ್ಲ. ಇರುಳಿನಲ್ಲಿ ನಡೆಯುವ ಆರಾಧನೆಯೊಂದರ ವಿಷಯದಲ್ಲಿ ಇದು ಸಣ್ಣ ಲೋಪವಲ್ಲ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಇಲ್ಲಿನ ಕ್ಷೇತ್ರಕಾರ್ಯದ ಸಾಮಗ್ರಿ ಬಹುಪಾಲು ರಾಮಕುಂಜ ಹಾಗೂ ಅದರ ಸುತ್ತಲಿನ ಗ್ರಾಮಗಳದ್ದು. ಉಪ್ಪಿನಂಗಡಿಯಿಂದ ಕಡಬದ ಕಡೆಗೆ ಸಾಗುವ ದಾರಿಯ ಆಚೀಚೆ ಹರಡಿಕೊಂಡಿರುವ ಈ ಪ್ರದೇಶ ಹಿಂದೆ ಪುತ್ತೂರು ತಾಲೂಕಿನಲ್ಲಿತ್ತು, ಈಗ ಕಡಬ ತಾಲೂಕಿಗೆ ಸೇರಿದೆ. ಹೊರಗಿನವರಿಗೆ ರಾಮಕುಂಜವು ರಾಮಕುಂಜೇಶ್ವರ ದೇವಸ್ಥಾನದಿಂದ, ಅಲ್ಲಿನ ವಿದ್ಯಾಸಂಸ್ಥೆಗಳಿಂದ, 1931ರಲ್ಲಿ ಅಲ್ಲಿ ಜನಿಸಿದ ಪೇಜಾವರ ಮಠದ ವಿಶ್ವೇಶತೀರ್ಥರ ಹೆಸರಿನಿಂದ ಪರಿಚಿತ. ಜಾನಪದ ವಿದ್ಯಾರ್ಥಿಗೆ ಕಾಣುವ ರಾಮಕುಂಜ ಇನ್ನೊಂದು: ಕುಮಾರಧಾರೆಯ ಕಡೆಗೆ ಇಳಿಯುವ ಅಡಿಕೆ ತೋಟಗಳು, ತೋಟದ ಅಂಚಿನ ಮನೆಗಳು, ಆ ಮನೆಗಳ ಚಾವಡಿಯಲ್ಲೋ ಅಂಗಳದಾಚೆಯ ಕಟ್ಟೆಯಲ್ಲೋ ನೆಲೆಯಾದ ದೈವಗಳು. ದೀಪಾವಳಿಯ ನಂತರ ತೊಡಗಿ, ಬೇಶ ತಿಂಗಳ ಹತ್ತನೆಯ ದಿನದ ಪತ್ತನಾಜೆಯವರೆಗೆ ನೇಮ, ಕೋಲ, ತಂಬಿಲಗಳ ಕಾಲ. ತೋಟದ ನಡುವಿನ ಇರುಳು ಎಂದರೆ ಪೇಟೆಯ ಇರುಳಲ್ಲ. ಅಮಾವಾಸ್ಯೆಯ ಸಮೀಪದಲ್ಲಿ ಅಂಗಳದ ಅಂಚು ದಾಟಿದರೆ ತನ್ನ ಕೈ ತನಗೆ ಕಾಣದು.

ಈ ಕತ್ತಲೆಯೇ ನೇಮದ ರಂಗಭೂಮಿ. ಅರದಾಳದ ಹಳದಿ ಬಳಿದ ಮುಖ, ಅದರ ಮೇಲೆ ಕೆಂಪು–ಕಪ್ಪು ರೇಖೆ, ಬಿಳಿಯ ಚುಕ್ಕಿ, ಎಳೆಯ ತೆಂಗಿನ ಗರಿಯ ಸಿರಿ, ಅಡಿಕೆ ಹಾಳೆಯ ಅಣಿ, ಕಾಲಿನ ಗಗ್ಗರ. ಇವೆಲ್ಲ ಹೊತ್ತಿ ಅಲುಗುವ ಜ್ವಾಲೆಯ ಎದುರಿಗೆ ನಿಲ್ಲಲೆಂದೇ ರೂಪುಗೊಂಡ ವಸ್ತುಗಳು. ಎಳೆಗರಿಯ ತೆಳು ಹಳದಿ, ಅರದಾಳದ ಗಾಢ ಹಳದಿ ಎರಡೂ ಜ್ವಾಲೆಯ ಕೆಂಬೆಳಕನ್ನು ಹಿಡಿದು ಹಿಂದಿರುಗಿಸುತ್ತವೆ. ಯಕ್ಷಗಾನದ ಬಣ್ಣದ ವೇಷದ ಚುಟ್ಟಿಯ ವಿಷಯದಲ್ಲೂ ಇದನ್ನೇ ಹೇಳಬಹುದು. ದೊಂದಿಯ ಬೆಳಕು ಓರೆಯಾಗಿ ಬಿದ್ದಾಗ ಮುಖದ ಮೇಲೆ ಉಬ್ಬಿ ನಿಲ್ಲುವ ಆ ಮುಳ್ಳುಗಳು ನೇರ ಬೆಳಕಿನಲ್ಲಿ ಚಪ್ಪಟೆಯಾಗುತ್ತವೆ.

ಮೊದಲ ಬರಹಗಳು, ಮೊದಲ ಚಿತ್ರಗಳು

ದೈವಾರಾಧನೆಯನ್ನು ಕುರಿತ ಆರಂಭದ ವಿವರಗಳು ಅಕ್ಷರದಲ್ಲೇ ಬಂದವು. ಮದ್ರಾಸ್ ಸಿವಿಲ್ ಸರ್ವಿಸಿನ ವಾಲ್‌ಹೌಸ್ 1876ರಲ್ಲಿ ಲಂಡನ್ನಿನ ಮಾನವಶಾಸ್ತ್ರೀಯ ಪತ್ರಿಕೆಯಲ್ಲಿ ಭೂತಗಳ ನಂಬಿಕೆಯನ್ನು ಕುರಿತು ಬರೆದರು. ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ಎ. ಸಿ. ಬರ್ನೆಲ್ ಸಂಗ್ರಹಿಸಿದ ಸಾಮಗ್ರಿಯನ್ನು, ಅವರು 1882ರಲ್ಲಿ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1894ರಿಂದ ಆರ್. ಸಿ. ಟೆಂಪಲ್ ‘ಇಂಡಿಯನ್ ಆ್ಯಂಟಿಕ್ವೆರಿ’ಯಲ್ಲಿ ಪ್ರಕಟಿಸಿದರು. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದಿತ್ತು. ಅದರ ಮುದ್ರಣಾಲಯದಿಂದ 1886ರಲ್ಲಿ ಮ್ಯಾನರ್ ಅವರ ಪಾಡ್ದನ ಸಂಗ್ರಹ ಹೊರಬಂತು. ದೈವದ ವೇಷಧಾರಿಯ ಛಾಯಾಚಿತ್ರ ವಿದ್ವತ್ ಲೋಕದಲ್ಲಿ ವ್ಯಾಪಕವಾಗಿ ಹರಡಿದ್ದು 1909ರಲ್ಲಿ ಏಳು ಸಂಪುಟಗಳಲ್ಲಿ ಪ್ರಕಟವಾದ ಥರ್ಸ್ಟನ್ ಮತ್ತು ರಂಗಾಚಾರಿಯವರ ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳ ಗ್ರಂಥದ ಮೂಲಕ. ನಲ್ಕೆ, ಪರವ ಸಮುದಾಯಗಳ ವೇಷಧಾರಿಗಳು ಅಲ್ಲಿ ಕ್ಯಾಮೆರಾಕ್ಕೆ ನಿಂತಿದ್ದಾರೆ. ಶೀರ್ಷಿಕೆಯಲ್ಲಿ ಜಾತಿಯ ಹೆಸರಿದೆ, ವ್ಯಕ್ತಿಯ ಹೆಸರಿಲ್ಲ. ಈ ಕೊರತೆಯನ್ನು ವಸಾಹತುಶಾಹಿ ಜ್ಞಾನವನ್ನು ವಿಮರ್ಶಿಸಿದವರು ಗುರುತಿಸಿದ್ದಾರೆ. ಆದರೆ ಇರುಳೂ ಇಲ್ಲ ಎಂಬುದನ್ನು ನಾವು ಅಷ್ಟಾಗಿ ಗುರುತಿಸಿಲ್ಲ.

ಇರುಳು ಇಲ್ಲದಿರುವುದಕ್ಕೆ ಕಾರಣ ಛಾಯಾಗ್ರಾಹಕರ ಉಪೇಕ್ಷೆಯೊಂದೇ ಅಲ್ಲ, ರಸಾಯನದ ಮಿತಿಯೂ ಹೌದು. 1839ರಲ್ಲಿ ಡಗೇರ್ ಪದ್ಧತಿ ಪ್ರಕಟವಾದಂದಿನಿಂದ ಹತ್ತೊಂಬತ್ತನೆಯ ಶತಮಾನದ ಬಹುಭಾಗ ಬಳಕೆಯಲ್ಲಿದ್ದ ಫಲಕಗಳು ನೀಲಿ ಮತ್ತು ನೇರಳೆಯಾಚೆಯ ಬೆಳಕಿಗೆ ಮಾತ್ರ ಸ್ಪಂದಿಸುತ್ತಿದ್ದವು. 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ಕೆಲವು ವರ್ಣದ್ರವ್ಯಗಳನ್ನು ಸೇರಿಸಿ ಫಲಕವು ಹಸಿರನ್ನೂ ಗ್ರಹಿಸುವಂತೆ ಮಾಡಬಹುದೆಂದು ಕಂಡುಕೊಂಡರು. ಕೆಂಪನ್ನೂ ಒಳಗೊಂಡು ಎಲ್ಲ ಬಣ್ಣಗಳಿಗೆ ಸ್ಪಂದಿಸುವ ಫಲಕಗಳು ಮಾರುಕಟ್ಟೆಗೆ ಬಂದದ್ದು 1906ರಲ್ಲಿ. ಅವು ಸಾಮಾನ್ಯ ಬಳಕೆಗೆ ಬರಲು ಮತ್ತೂ ಕೆಲವು ದಶಕಗಳು ಬೇಕಾದವು.

ಎಣ್ಣೆಬಟ್ಟೆ ಸುತ್ತಿದ ದೀಟಿಗೆ, ತೆಂಗಿನ ಗರಿಯ ತೂಟೆ, ಕೋಲ್ತಿರಿ ಇವುಗಳ ಜ್ವಾಲೆಯಲ್ಲಿ ಕೆಂಪು ಧಾರಾಳ, ನೀಲಿ ತೀರ ಕಡಿಮೆ. ಅಂದರೆ ನಮ್ಮ ಇರುಳಿನ ಬೆಳಕಿಗೆ ಆ ಕಾಲದ ಫಲಕ ಹೆಚ್ಚುಕಡಿಮೆ ಕುರುಡು. ಹಗಲಿನಲ್ಲಿ ತೆಗೆದರೂ ತೊಡಕು ತಪ್ಪಲಿಲ್ಲ. ಅರದಾಳದ ಹಳದಿ ನೀಲಿಯನ್ನು ನುಂಗುವ ಬಣ್ಣ. ಆದುದರಿಂದ ಹಳೆಯ ಫಲಕದಲ್ಲಿ ಅದು ಕಪ್ಪಾಗಿಯೇ ಮೂಡಬೇಕು. ಕೆಂಪಂತೂ ಇನ್ನೂ ಕಪ್ಪು. ಬಿಳಿಯ ಚುಕ್ಕಿಗಳು ಮಾತ್ರ ಬೆಳ್ಳಗೆ ಉಳಿಯುತ್ತವೆ. ಅಂಗಳದಲ್ಲಿ ಹೊನ್ನಿನಂತೆ ಹೊಳೆಯುವ ಮುಖ ಪುಸ್ತಕದ ಪುಟದಲ್ಲಿ ಬಿಳಿಚುಕ್ಕಿಯ ಕರಿಮುಖವಾಗುತ್ತದೆ. ಆ ಮುಖದ ಕೆಳಗೆ ‘ಪಿಶಾಚ ನರ್ತಕ’ ಎಂಬರ್ಥದ ಇಂಗ್ಲಿಷ್ ಶೀರ್ಷಿಕೆ ಕುಳಿತಾಗ ಎರಡೂ ಒಂದನ್ನೊಂದು ಸಮರ್ಥಿಸುತ್ತವೆ. ಹಳೆಯ ಚಿತ್ರಗಳ ‘ಭೀಕರತೆ’ಯಲ್ಲಿ ಎಷ್ಟು ಪಾಲು ದೈವದ್ದು, ಎಷ್ಟು ಪಾಲು ರಸಾಯನದ್ದು ಎಂದು ವಿವೇಚಿಸದೆ ಅವುಗಳನ್ನು ಪುನರ್ಮುದ್ರಿಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಕೃತಕ ಬೆಳಕಿನ ದಾರಿ ತೆರೆದದ್ದು 1887ರಲ್ಲಿ. ಜರ್ಮನಿಯ ಮೀತೆ ಮತ್ತು ಗೇಡಿಕೆ ಮೆಗ್ನೀಸಿಯಂ ಆಧಾರಿತ ಮಿಂಚುಪುಡಿಯನ್ನು ತಯಾರಿಸಿದರು. ನ್ಯೂಯಾರ್ಕಿನ ಬಡವರ ಕೇರಿಗಳಲ್ಲಿ ಜೇಕಬ್ ರೀಸ್ ಇದನ್ನೇ ಬಳಸಿ ತೆಗೆದ ಚಿತ್ರಗಳು 1890ರಲ್ಲಿ ಗ್ರಂಥರೂಪದಲ್ಲಿ ಬಂದು ವಸತಿ ಸುಧಾರಣೆಗೆ ಪ್ರೇರಣೆಯಾದವು. ಆ ಚಿತ್ರಗಳಲ್ಲಿ ನಿದ್ದೆಯಿಂದ ಬೆಚ್ಚಿಬಿದ್ದು ಕಣ್ಣು ಕಿವುಚಿಕೊಂಡವರ ಮುಖಗಳೂ ಇವೆ. ಒಳಿತನ್ನು ಬಯಸಿ ಹೋದ ಬೆಳಕೂ ಅನುಮತಿ ಕೇಳದೆ ಒಳನುಗ್ಗಬಲ್ಲದು. ಮುಳಿಹುಲ್ಲಿನ ಮಾಡು, ಸೋಗೆಯ ಚಪ್ಪರ ಇದ್ದ ನಮ್ಮ ಅಂಗಳಗಳಲ್ಲಿ ಆ ಪುಡಿಯನ್ನು ಹೊತ್ತಿಸುವುದು ಬೇರೆಯೇ ಬಗೆಯ ಅಪಾಯವಾಗುತ್ತಿತ್ತು. 1929ರ ಹೊತ್ತಿಗೆ ಮಿಂಚುಬಲ್ಬು, 1930ರ ದಶಕದಲ್ಲಿ ಅಮೆರಿಕದ ಎಡ್ಜರ್ಟನ್ ಅವರ ಪ್ರಯೋಗಗಳಿಂದ ವಿದ್ಯುನ್ಮಾನ ಫ್ಲ್ಯಾಶ್ ಬಂದು ಹೊಗೆಯ ತೊಂದರೆ ಕಳೆಯಿತು. 1954ರಲ್ಲಿ 35 ಮಿ.ಮೀ. ರೂಪದಲ್ಲಿ ಬಂದ ಟ್ರೈ–ಎಕ್ಸ್‌ನಂತಹ ವೇಗದ ಕಪ್ಪುಬಿಳುಪು ಫಿಲ್ಮುಗಳು ಫ್ಲ್ಯಾಶ್ ಇಲ್ಲದೆಯೂ ಇರುಳನ್ನು ಹಿಡಿಯಬಹುದೆಂದು ತೋರಿಸಿದವು. ಆದರೆ ವಿದ್ವಾಂಸರಿಗೆ ಬೇಕಿದ್ದುದು ಬಣ್ಣ. 1935ರಲ್ಲಿ ಬಂದ ಕೊಡಾಕ್ರೋಮಿನ ಆರಂಭದ ವೇಗ ಈಗಿನ ಐಎಸ್‌ಒ ಲೆಕ್ಕದಲ್ಲಿ ಸುಮಾರು 10. ಬಣ್ಣ ಬೇಕೆಂದವರಿಗೆ ಫ್ಲ್ಯಾಶ್ ಅನಿವಾರ್ಯವಾಯಿತು.

ಪುತ್ತೂರನ್ನು ನೆಲೆಯಾಗಿಸಿಕೊಂಡ ಶಿವರಾಮ ಕಾರಂತರನ್ನು ಇಲ್ಲಿ ನೆನೆಯಬೇಕು. ಮೂಕಿ ಚಿತ್ರಗಳ ಕಾಲದಲ್ಲೇ ‘ಡೊಮಿಂಗೊ’, ‘ಭೂತರಾಜ್ಯ’ಗಳ ಮೂಲಕ ಕ್ಯಾಮೆರಾವನ್ನು ಪ್ರಯೋಗಿಸಿ ನೋಡಿದವರು ಅವರು, ಮುಂದೆ ‘ಯಕ್ಷಗಾನ ಬಯಲಾಟ’ (1957) ಬರೆದು 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಪಡೆದರು. 1980ರ ದಶಕದಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು. ಶಿ. ಹರಿದಾಸ ಭಟ್ಟರ ನೇತೃತ್ವದ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರದಿಂದ ದಾಖಲೀಕರಣಕ್ಕೆ ಸಾಂಸ್ಥಿಕ ರೂಪ ಬಂತು. ಲೌರಿ ಹೋಂಕೊ, ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರು 1990ರ ಡಿಸೆಂಬರಿನಲ್ಲಿ ಗೋಪಾಲ ನಾಯ್ಕರಿಂದ ಧ್ವನಿಮುದ್ರಿಸಿಕೊಂಡ, 1998ರಲ್ಲಿ ಪ್ರಕಟವಾದ ಸಿರಿ ಮಹಾಕಾವ್ಯದ ಯೋಜನೆಯು ಸಂದರ್ಭದ ದಾಖಲೆಗೆ ಹೊಸ ಮಾನದಂಡವನ್ನೇ ಒದಗಿಸಿತು. ಧ್ವನಿಗೆ ಸಂದ ಈ ಮರ್ಯಾದೆ ಬೆಳಕಿಗೂ ಸಲ್ಲಬೇಕಿತ್ತು.

ಅಳಿಸಿಹೋದ ದೀಟಿಗೆಯವನು

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕಾಗಿದೆ. ಡಾಕ್ಟರೇಟ್ ಪದವಿಗಾಗಿ ಕ್ಷೇತ್ರಕಾರ್ಯ ಆರಂಭಿಸಿದಾಗ ನನ್ನ ಕೈಯಲ್ಲಿದ್ದುದು ಎರವಲು ತಂದ ಫಿಲ್ಮ್ ಕ್ಯಾಮೆರಾ, ಮೇಲೊಂದು ಫ್ಲ್ಯಾಶ್. ರಾಮಕುಂಜದ ಸಮೀಪದ ಮನೆಯೊಂದರ ಕಲ್ಲುರ್ಟಿ–ಪಂಜುರ್ಲಿ ನೇಮದಲ್ಲಿ ಎರಡು ರೋಲು ತೆಗೆದೆ. ಪೇಟೆಯ ಸ್ಟುಡಿಯೋ ಒಂದರಿಂದ ಪ್ರತಿಗಳು ಬಂದಾಗ ಕೆಲವು ಚಿತ್ರಗಳಲ್ಲಿ ಇರುಳಿನ ಕಪ್ಪು ಕಾಣಲೇ ಇಲ್ಲ. ಮುದ್ರಣಯಂತ್ರ ಪ್ರತಿ ಚಿತ್ರವನ್ನೂ ಸರಾಸರಿ ಬೆಳಕಿಗೆ ಸರಿಪಡಿಸಲು ಹೋಗಿ ಕತ್ತಲೆಯನ್ನು ಕೆಸರು ಬಣ್ಣಕ್ಕೆ ತಿರುಗಿಸಿತ್ತು. ಉಳಿದವುಗಳಲ್ಲಿ ದೈವದ ಆಕೃತಿ ಸ್ಪಷ್ಟವಾಗಿತ್ತು, ಸುತ್ತ ಏನೂ ಇರಲಿಲ್ಲ. ಆ ಚಿತ್ರಗಳನ್ನು ಮುಂದಿಟ್ಟುಕೊಂಡು ನಾನು ಬರೆದ ಅಧ್ಯಾಯದಲ್ಲಿ, ಆವೇಶದ ಘಟ್ಟದಲ್ಲಿ ದೈವವು ಸಮುದಾಯದಿಂದ ಬೇರ್ಪಟ್ಟು ಶೂನ್ಯ ಅವಕಾಶದಲ್ಲಿ ಏಕಾಕಿಯಾಗುತ್ತದೆ ಎಂಬ ಅರ್ಥದ ಒಂದು ವಾಕ್ಯವಿತ್ತು. ಬರೆಯುವಾಗ ಆ ವಾಕ್ಯದ ಬಗೆಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಮುಂದಿನ ವರ್ಷ ಅದೇ ಮನೆಗೆ ಚಿತ್ರಗಳನ್ನು ಒಯ್ದು ಕೊಟ್ಟೆ. ಹಿರಿಯರೊಬ್ಬರು ಒಂದೊಂದನ್ನೂ ಕಣ್ಣಿನ ಹತ್ತಿರ ಹಿಡಿದು ನೋಡಿ, ದೀಟಿಗೆ ಹಿಡಿದವನೆಲ್ಲಿ ಎಂದು ಕೇಳಿದರು. ಪ್ರಶ್ನೆ ನನಗೆ ತಕ್ಷಣ ಅರ್ಥವಾಗಲಿಲ್ಲ. ನೇಮದಲ್ಲಿ ದೀಟಿಗೆ ಹಿಡಿಯುವುದು ಮಡಿವಾಳರ ಪರಂಪರಾಗತ ಕರ್ತವ್ಯ. ದೈವ ಮುಂದೆ ಬಂದರೆ ಅವನು ಹಿಂದೆ ಸರಿಯಬೇಕು, ದೈವ ಸುತ್ತಿದರೆ ಅವನೂ ಸುತ್ತಬೇಕು. ಎಣ್ಣೆ ಕಡಿಮೆಯಾಗದಂತೆ, ಕಿಡಿ ಸಿರಿಗೆ ತಾಗದಂತೆ, ಮುಖದ ಮೇಲೆ ಬೆಳಕು ತಪ್ಪದಂತೆ ನೋಡಿಕೊಳ್ಳಬೇಕು. ಇರುಳಿಡೀ ದೈವಕ್ಕೆ ಅತಿ ಸಮೀಪದಲ್ಲಿ ಚಲಿಸುವ ವ್ಯಕ್ತಿಗಳಲ್ಲಿ ಅವನೊಬ್ಬ. ನನ್ನ ಎರಡು ರೋಲುಗಳಲ್ಲಿ ಒಂದೆರಡು ಕಡೆ ಒಂದು ಮೊಣಕೈ ಕಾಣುತ್ತಿತ್ತು, ಅಷ್ಟೆ.

ಕಾರಣ ಸರಳ. ಫ್ಲ್ಯಾಶಿನ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕ್ಷೀಣಿಸುತ್ತದೆ. ಎರಡು ಮೀಟರಿನಲ್ಲಿರುವ ಮುಖಕ್ಕೆ ಸಾಕಾಗುವ ಬೆಳಕು ನಾಲ್ಕು ಮೀಟರಿನಲ್ಲಿರುವವನಿಗೆ ಕಾಲು ಭಾಗ, ಎಂಟು ಮೀಟರಿನಲ್ಲಿರುವವರಿಗೆ ಹದಿನಾರರಲ್ಲಿ ಒಂದು. ಅಂಗಳದ ಅಂಚಿನಲ್ಲಿ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ಹೆಂಗಸರು, ತೆಂಬರೆ ಹಿಡಿದು ಪಾಡ್ದನ ಹೇಳುತ್ತಿದ್ದವರು, ಬದಿಯಲ್ಲಿದ್ದ ದೀಟಿಗೆಯವನು ಎಲ್ಲರೂ ಆ ಗಣಿತದಲ್ಲಿ ಕಪ್ಪಾದರು. ಇನ್ನು ದೀಟಿಗೆಯ ಜ್ವಾಲೆಯಂತೂ ಫ್ಲ್ಯಾಶಿನ ಎದುರು ಬೆಳಕೇ ಅಲ್ಲ, ಒಂದು ಮಸುಕಾದ ಕೆಂಪು ಗುರುತು. ನನ್ನ ಅಧ್ಯಾಯದ ‘ಶೂನ್ಯ ಅವಕಾಶ’ ಅಂಗಳದಲ್ಲಿರಲಿಲ್ಲ, ಉಪಕರಣದಲ್ಲಿತ್ತು. ಪ್ರಬಂಧವನ್ನು ಒಪ್ಪಿಸುವ ಮೊದಲು ಆ ವಾಕ್ಯವನ್ನು ತೆಗೆದುಹಾಕಿದೆ. ಇಂಥದೇ ಚಿತ್ರಗಳಿಂದ ಹುಟ್ಟಿದ ಇಂಥವೇ ವಾಕ್ಯಗಳು ನಮ್ಮ ಗ್ರಂಥಾಲಯಗಳಲ್ಲಿ ಇನ್ನೂ ಇರಬಹುದೆಂಬ ಅನುಮಾನ ಮಾತ್ರ ನನ್ನನ್ನು ಬಿಟ್ಟಿಲ್ಲ.

ದೈವ ಕಟ್ಟುವ ಹಿರಿಯರೊಬ್ಬರು ಬೇರೆಯ ಸಂದರ್ಭದಲ್ಲಿ ಹೇಳಿದ ಮಾತೂ ಇದಕ್ಕೆ ಸೇರುತ್ತದೆ. ಫ್ಲ್ಯಾಶಿನಲ್ಲಿ ತೆಗೆದ ತಮ್ಮ ಚಿತ್ರ ನೋಡಿ ಅವರು, ಇದರಲ್ಲಿ ಹಾಳೆ ಕಾಣುತ್ತದೆ, ಹಗ್ಗ ಕಾಣುತ್ತದೆ, ಬಣ್ಣ ಬಳಿದುಕೊಂಡ ನಾನು ಕಾಣುತ್ತೇನೆ ಎಂದರು. ಏನು ಕಾಣುವುದಿಲ್ಲ ಎಂದು ಅವರು ಹೇಳಲಿಲ್ಲ. ಹತ್ತಿರದಲ್ಲಿ ಫ್ಲ್ಯಾಶ್ ಮಿಂಚಿದಾಗ ಕೆಲವು ಹೊತ್ತು ಕಣ್ಣಿಗೆ ಕತ್ತಲೆ ಕವಿಯುತ್ತದೆ, ಕೈಯಲ್ಲಿ ಬೆಂಕಿ ಇರುವಾಗ ಅದು ಕಷ್ಟ ಎಂಬುದನ್ನು ನಾನು ಕೇಳಿದ ಮೇಲೆ, ಸಂಕೋಚದಿಂದ, ಹೇಳಿದರು.

ಅಂದಿನಿಂದ ಫ್ಲ್ಯಾಶನ್ನು ಕಳಚಿಟ್ಟೆ. 50 ಮಿ.ಮೀ.ಯ, ಎಫ್/1.8 ತೆರಪಿನ ಸಾಧಾರಣ ಬೆಲೆಯ ಲೆನ್ಸೊಂದನ್ನು ಕೊಂಡೆ. 400 ವೇಗದ ಕಪ್ಪುಬಿಳುಪು ಫಿಲ್ಮನ್ನು 1600 ಎಂದು ಭಾವಿಸಿ ತೆಗೆದು, ಸಂಸ್ಕರಣೆಯ ಸಮಯವನ್ನು ಹೆಚ್ಚಿಸುವ ಕ್ರಮವನ್ನು ಕಲಿತೆ. ಕಣಗಳು ಒರಟಾಗುತ್ತವೆ, ನೆರಳಿನ ವಿವರ ಹೋಗುತ್ತದೆ. ಆದರೆ ದೀಟಿಗೆಯ ಬೆಳಕು ದೀಟಿಗೆಯ ಬೆಳಕಾಗಿಯೇ ಉಳಿಯುತ್ತದೆ. ಸೆಕೆಂಡಿನ 30ರಲ್ಲಿ ಒಂದು ಭಾಗದಲ್ಲಿ ಕುಣಿತವನ್ನು ನಿಲ್ಲಿಸಲಾಗದು. ಹೀಗಾಗಿ ಕುಣಿತದ ಲಯವನ್ನೇ ಅರಿಯಬೇಕಾಯಿತು. ಬೀಸಿ ಬಂದ ದೇಹ ತಿರುಗುವ ಮುನ್ನ ಒಂದು ಕ್ಷಣ ತಡೆದು ನಿಲ್ಲುತ್ತದೆ. ನುಡಿ ಕೊಡುವಾಗ, ಅಭಯ ಹೇಳುವಾಗ ದೈವ ನಿಶ್ಚಲವಾಗುತ್ತದೆ. ತೆಂಬರೆಯ ಗತಿ ಇಳಿಯುವುದನ್ನು ಕೇಳಿಯೇ ಮುಂದಿನ ನಿಲುಗಡೆಯನ್ನು ಊಹಿಸಬಹುದು. ಒಳ್ಳೆಯ ಚಿತ್ರಕ್ಕಾಗಿ ಕಲಿತ ಈ ಕಾಯುವಿಕೆ ಪ್ರದರ್ಶನದ ರಚನೆಯ ಬಗೆಗೆ ನನಗೆ ತಿಳಿಸಿದ್ದು ಯಾವ ಸಿದ್ಧಾಂತ ಗ್ರಂಥಕ್ಕಿಂತಲೂ ಕಡಿಮೆಯಲ್ಲ. ಬೆಳಕಿನ ಅಳತೆಯನ್ನು ಜ್ವಾಲೆಯಿಂದ ತೆಗೆದುಕೊಳ್ಳಬಾರದು, ಮುಖದಿಂದ ತೆಗೆದುಕೊಳ್ಳಬೇಕು. ಜ್ವಾಲೆ ಬಿಳಿದಾದರೆ ಆಗಲಿ, ಕಪ್ಪು ಕಪ್ಪಾಗಿಯೇ ಇರಲಿ. ಚೌಕಟ್ಟಿನೊಳಗೆ ದೀಟಿಗೆಯವನನ್ನು ಸೇರಿಸಿಕೊಂಡರೆ ಬೆಳಕೂ ಸಿಗುತ್ತದೆ, ಅದರ ಮೂಲವೂ ದಾಖಲಾಗುತ್ತದೆ.

ಒತ್ತೆಕೋಲದ ಬೆಳಗು

ಕಡಬ, ಸುಳ್ಯ, ಪುತ್ತೂರು ಭಾಗಗಳಲ್ಲಿ ನಡೆಯುವ ವಿಷ್ಣುಮೂರ್ತಿ ದೈವದ ಒತ್ತೆಕೋಲವು ಈ ದೃಷ್ಟಿಯಿಂದ ವಿಶೇಷವಾದುದು. ಕೊಳ್ಳಿ ಕಡಿದು ರಾಶಿ ಹಾಕಿದ ಮೇಲೇರಿಗೆ ಇರುಳು ಅಗ್ನಿಸ್ಪರ್ಶವಾಗುತ್ತದೆ. ಕುಳಿಚ್ಚಾಟ ಮೊದಲಾದ ವಿಧಿಗಳು ಕಳೆದು, ಉರಿ ಇಳಿದು ಕೆಂಡದ ಗುಡ್ಡೆಯಾಗುವ ಹೊತ್ತಿಗೆ ಮೂಡಣ ತಿಳಿಯಾಗತೊಡಗುತ್ತದೆ. ಆಗ ದೈವದ ಅಗ್ನಿಸೇವೆ. ಒಂದೇ ಇರುಳಿನಲ್ಲಿ ಮೂರು ಬೆಳಕುಗಳು: ಉರಿಯ ಹಳದಿ, ಕೆಂಡದ ಕೆಂಪು, ಬೆಳಗಿನ ನೀಲಿ. ಉರಿಯ ವರ್ಣತಾಪ ಸುಮಾರು 1900 ಕೆಲ್ವಿನ್, ಸೂರ್ಯೋದಯಕ್ಕೆ ಮುಂಚಿನ ಆಕಾಶದ್ದು ಅದರ ನಾಲ್ಕೈದು ಪಟ್ಟು. ಕ್ಯಾಮೆರಾದ ಸ್ವಯಂಚಾಲಿತ ಬಿಳಿ ಸಮತೋಲನವನ್ನು ನಂಬಿದರೆ ಅದು ಎರಡನ್ನೂ ಒಂದು ಸಾಮಾನ್ಯ ಬಿಳಿಗೆ ಎಳೆದು ತರುತ್ತದೆ. ಇರುಳಿನ ಚಿತ್ರ ಯಾವುದು, ಬೆಳಗಿನದು ಯಾವುದು ಎಂದು ಅನಂತರ ಗುರುತಿಸುವುದೇ ಕಷ್ಟವಾಗುತ್ತದೆ. ಅದನ್ನು ಹಗಲುಬೆಳಕಿನ ಗುರುತಿಗೆ ನಿಲ್ಲಿಸಿಬಿಟ್ಟರೆ ಕಣ್ಣು ಕಂಡ ವ್ಯತ್ಯಾಸ ಚಿತ್ರದಲ್ಲೂ ಉಳಿಯುತ್ತದೆ. ಅಗ್ನಿಸೇವೆಯ ಮುಹೂರ್ತ ಯಾಕೆ ಆ ಹೊತ್ತಿಗೇ ಒದಗುತ್ತದೆ ಎಂಬುದಕ್ಕೆ ವಿಧಿಯೊಳಗೆ ಬೇರೆ ಕಾರಣಗಳಿರಬಹುದು. ಕೆಂಡದ ಮೇಲೆ ದೈವದ ಆಕೃತಿ ಅರ್ಧ ಕೆಂಪಾಗಿ, ಅರ್ಧ ನೀಲಿಯಾಗಿ ಕಾಣುವ ಆ ಕೆಲವೇ ನಿಮಿಷಗಳನ್ನು ನೋಡಿದವರಿಗೆ ಬೆಳಕೂ ಆ ವಿಧಿಯ ಒಂದು ಅಂಗವೆಂದು ಅನಿಸದೆ ಇರದು.

ಹೊಸ ಬೆಳಕುಗಳು

ಅಂಗಳದ ಬೆಳಕೂ ಬದಲಾಗುತ್ತ ಬಂದಿದೆ. ದೀಟಿಗೆಯ ಪಕ್ಕಕ್ಕೆ ಗ್ಯಾಸ್‌ಲೈಟು ಬಂತು, ಅನಂತರ ಟ್ಯೂಬ್‌ಲೈಟು, ಹ್ಯಾಲೊಜನ್, ಈಗ ಎಲ್‌ಇಡಿ. ದೀಟಿಗೆ ಹೋಗಿಲ್ಲ, ವಿಧಿಯ ಅಗತ್ಯವಾಗಿ ಉಳಿದಿದೆ; ಆದರೆ ಬೆಳಗಿಸುವ ಕೆಲಸ ಅದರ ಕೈತಪ್ಪಿದೆ. ಟ್ಯೂಬ್‌ಲೈಟಿನ ಕಾಲದ ಬಣ್ಣದ ಚಿತ್ರಗಳಲ್ಲಿ ಕಾಣುವ ಹಸಿರು ಛಾಯೆ, ಎಲ್‌ಇಡಿಯ ಕಾಲದ ಚಿತ್ರಗಳಲ್ಲಿ ಅಡ್ಡವಾಗಿ ಮೂಡುವ ಪಟ್ಟೆಗಳು ಕಾಲನಿರ್ಣಯಕ್ಕೆ ನೆರವಾಗುವ ಕುರುಹುಗಳು. ನಮ್ಮ ವಿದ್ಯುತ್ತಿನ ಆವರ್ತನ 50 ಆದುದರಿಂದ ಇಂತಹ ದೀಪಗಳು ಸೆಕೆಂಡಿಗೆ 100 ಬಾರಿ ಮಿಣುಕುತ್ತವೆ. ಶಟರನ್ನು 50ರಲ್ಲಿ ಅಥವಾ 100ರಲ್ಲಿ ಒಂದು ಭಾಗಕ್ಕೆ ನಿಲ್ಲಿಸಿದರೆ ಪಟ್ಟೆಗಳು ಸಾಮಾನ್ಯವಾಗಿ ಮಾಯವಾಗುತ್ತವೆ.

2007ರಲ್ಲಿ ಬಂದ ನಿಕಾನ್ ಡಿ3ಯಂತಹ ಕ್ಯಾಮೆರಾಗಳು ಐಎಸ್‌ಒ 6400ನ್ನು ಬಳಸಲು ಯೋಗ್ಯವಾಗಿಸಿದಾಗ ಇರುಳಿನ ಪ್ರಶ್ನೆ ಪರಿಹಾರವಾಯಿತೆಂದು ಅನೇಕರು ಭಾವಿಸಿದರು. 2018ರಿಂದ ಮೊಬೈಲ್ ಫೋನುಗಳಲ್ಲಿ ಹಲವು ಚಿತ್ರಗಳನ್ನು ತೆಗೆದು ಒಂದಾಗಿಸುವ ‘ನೈಟ್’ ವ್ಯವಸ್ಥೆಗಳು ಜನಪ್ರಿಯವಾದವು. ಇವು ಅಂಗಳದ ಮೂಲೆಮೂಲೆಯನ್ನೂ ಬೆಳಗಿ ತೋರಿಸುತ್ತವೆ. ನೂರು ವರ್ಷಗಳ ಹಿಂದೆ ಮಿಂಚುಪುಡಿ ಇರುಳನ್ನು ಹಗಲಾಗಿಸಿದರೆ ಈಗ ಲೆಕ್ಕಾಚಾರ ಅದನ್ನೇ ಸದ್ದಿಲ್ಲದೆ ಮಾಡುತ್ತಿದೆ. ಕಣ್ಣು ಕಾಣದ್ದನ್ನು ಕಂಡ ಚಿತ್ರ ಆಕರವಾಗಲಾರದೆಂದು ನಾನು ಹೇಳುತ್ತಿಲ್ಲ. ದೀಟಿಗೆಯವನ ಮುಖ ಈಗ ಕಾಣುತ್ತದೆ ಎಂಬುದು ಸಣ್ಣ ಲಾಭವೇನಲ್ಲ. ಅದು ಹೇಗೆ ಕಂಡಿತೆಂಬುದನ್ನು ಬರೆದಿಡಬೇಕೆಂಬುದಷ್ಟೇ ನನ್ನ ಒತ್ತಾಯ.

2022ರಲ್ಲಿ ‘ಕಾಂತಾರ’ ತೆರೆಕಂಡ ಅನಂತರ ನೇಮಗಳಿಗೆ ಬರುವ ಕ್ಯಾಮೆರಾಗಳ ಸಂಖ್ಯೆ ನಾನು ಹೋಗುವ ಅಂಗಳಗಳಲ್ಲಿ ಕಣ್ಣಿಗೆ ಕಾಣುವಷ್ಟು ಹೆಚ್ಚಿದೆ. ಛಾಯಾಗ್ರಹಣ, ಚಿತ್ರೀಕರಣ ನಿಷೇಧಿಸಲಾಗಿದೆ ಎಂಬ ಫಲಕಗಳೂ ಹೆಚ್ಚಿವೆ. ಸಂಶೋಧಕರು ಈ ಫಲಕ ತಮಗೆ ಅನ್ವಯಿಸುವುದಿಲ್ಲವೆಂದು ತಿಳಿಯುವುದುಂಟು. ನಾನೂ ಒಂದು ಕಾಲದಲ್ಲಿ ಹಾಗೆಯೇ ತಿಳಿದಿದ್ದೆ. ಎಣ್ಣೆಬೂಳ್ಯ ಕೊಡುವ ಹೊತ್ತಿಗೇ ಮನೆಯ ಯಜಮಾನರನ್ನೂ ದೈವ ಕಟ್ಟುವವರನ್ನೂ ಬೇರೆಬೇರೆಯಾಗಿ ಕೇಳುವುದು, ಇಬ್ಬರಲ್ಲಿ ಒಬ್ಬರು ಬೇಡವೆಂದರೂ ಚೀಲದಿಂದ ಕ್ಯಾಮೆರಾ ತೆಗೆಯದಿರುವುದು ಈಗ ನಾನು ಪಾಲಿಸುತ್ತಿರುವ ಕ್ರಮ. ಹಾಗೆ ಕ್ಯಾಮೆರಾ ತೆಗೆಯದ ಇರುಳುಗಳ ಟಿಪ್ಪಣಿಗಳೇ ನನ್ನ ಪುಸ್ತಕಗಳಲ್ಲಿ ಹೆಚ್ಚು ದಟ್ಟವಾಗಿವೆ.

ಗ್ರಂಥಾಲಯ ಮತ್ತು ಸಂಗ್ರಹಾಲಯಗಳಿಗೆ ಒಂದು ಸೂಚನೆ. ಕರಾವಳಿಯ ತೇವದಲ್ಲಿ ಹಳೆಯ ನೆಗೆಟಿವುಗಳಿಗೆ ಬೂಸು ಹಿಡಿಯುತ್ತಿದೆ. ಅವುಗಳನ್ನು ಅಂಕೀಕರಿಸುವಾಗ ದೈವ, ಸ್ಥಳ, ದಿನಾಂಕಗಳ ಜೊತೆಗೆ ಬೆಳಕಿನ ಮೂಲ, ಫ್ಲ್ಯಾಶಿನ ಬಳಕೆ, ಹೊತ್ತು, ದೈವ ಕಟ್ಟಿದವರು ಮತ್ತು ದೀಟಿಗೆ ಹಿಡಿದವರು ಒಪ್ಪಿದರೆ ಅವರ ಹೆಸರು ಇವಿಷ್ಟನ್ನೂ ಸೇರಿಸಬೇಕು. ಡಿಜಿಟಲ್ ಕಡತದಲ್ಲಿ ಶಟರ್, ಐಎಸ್‌ಒ, ಫ್ಲ್ಯಾಶ್, ಸಮಯಗಳು ತಾವಾಗಿಯೇ ದಾಖಲಾಗಿರುತ್ತವೆ. ವಾಟ್ಸ್‌ಆ್ಯಪಿನ ಮೂಲಕ ಹಾದುಬಂದ ಪ್ರತಿಯಲ್ಲಿ ಅವು ಸಾಮಾನ್ಯವಾಗಿ ಉಳಿದಿರುವುದಿಲ್ಲ. ಆದುದರಿಂದ ಮೂಲ ಕಡತವನ್ನೇ ಕೇಳಿ ಪಡೆಯಬೇಕು.

ರಾಮಕುಂಜದ ಆ ಮನೆಯ ನೇಮಕ್ಕೆ ಅನಂತರವೂ ಹೋಗಿದ್ದೇನೆ. ದೀಟಿಗೆ ಹಿಡಿಯುತ್ತಿದ್ದವರು ಈಗಿಲ್ಲ. ಅವರ ಮಗ ಹಿಡಿಯುತ್ತಾರೆ, ಹಗಲು ಉಪ್ಪಿನಂಗಡಿಯಲ್ಲಿ ಬೇರೆ ಕೆಲಸ. ಫ್ಲ್ಯಾಶ್ ಕಳಚಿದ ಮೇಲಿನ ವರ್ಷ ತೆಗೆದ ಒಂದು ಕಪ್ಪುಬಿಳುಪು ಚಿತ್ರದಲ್ಲಿ ತಂದೆ ಇದ್ದಾರೆ. ದೈವ ಅರ್ಧ ಚೌಕಟ್ಟಿನ ಹೊರಗಿದೆ, ಅಣಿಯ ತುದಿ ಮಸುಕಾಗಿದೆ. ದೀಟಿಗೆಯ ಕೆಳಗೆ ಅವರ ಮುಖ, ಎಣ್ಣೆ ಹೊಯ್ಯಲು ಎತ್ತಿದ ಬಲಗೈ ಮಾತ್ರ ಸ್ಪಷ್ಟ. ಪ್ರಕಟಣೆಗೆ ಆಗದೆಂದು ಬದಿಗಿಟ್ಟಿದ್ದ ಆ ಚಿತ್ರವನ್ನು ದೊಡ್ಡದು ಮಾಡಿಸಿ ಕೊಟ್ಟೆ. ಅದು ಈಗ ಅವರ ಮನೆಯ ಗೋಡೆಯ ಮೇಲಿದೆ.